ಸಾಕ್ಸಿಗೂ ಮಾರ್ಕ್ಸಿಗೂ ಏನು ಸಂಬಂಧ?

ಕಳೆದ ಬುಧವಾರ ಸಂಜೆ ಶಾಲೆಯಿಂದ ಬಂದ ಮೊಮ್ಮಗಳು ಬ್ಯಾಗನ್ನು ಜಗಲಿಯ ಮೇಲೆ ಇಡಲಿಲ್ಲ, ಎಸೆದಳು. ಕಾಫಿ ಬೇಡ, ಅವಲಕ್ಕಿಯೂ ಬೇಡ. "ಅಜ್ಜೀ, ಸೈನ್ ಮಾಡಿ" ಎಂದು ಶಾಲೆಯ ಡೈರಿಯನ್ನು ನನ್ನ ಮಡಿಲಿಗೆ ಹಾಕಿ ಕಂಬಕ್ಕೆ ಒರಗಿ ಕೂತಳು. ಅವಳ ಅಪ್ಪ ಅಮ್ಮ ಕೆಲಸದಿಂದ ಬರುವಾಗ ಏಳು ಗಂಟೆ ದಾಟುತ್ತದೆ. ಹಾಗಾಗಿ ಬಹುಮಾನದ ಸಹಿಗಳು ಅವರ ಪಾಲಿಗೆ, ಬೈಗುಳದ ಸಹಿಗಳು ನನ್ನ ಪಾಲಿಗೆ ಎಂದು ನಮ್ಮ ಮನೆಯಲ್ಲಿ ಒಂದು ಒಪ್ಪಂದವೇ ಆಗಿಬಿಟ್ಟಿದೆ.

ಡೈರಿ ಬಿಡಿಸಿದೆ. ಎಡಗಡೆಯ ಪುಟದಲ್ಲಿ ಗಣಿತದ ಕಿರುಪರೀಕ್ಷೆಯ ಅಂಕ ಇತ್ತು: 25ಕ್ಕೆ 24. ಬಲಗಡೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು. ಬುಧವಾರ ಅವರಿಗೆ ಬಿಳಿ ಯೂನಿಫಾರ್ಮು. ಬಿಳಿ ಕ್ಯಾನ್ವಾಸ್ ಶೂ, ಮೊಣಕಾಲಿನ ಹತ್ತಿರದವರೆಗೆ ಬರುವ ಬಿಳಿ ಸಾಕ್ಸು ಇರಬೇಕು. ಇವಳು ಗಿಡ್ಡ ಸಾಕ್ಸು ಹಾಕಿಕೊಂಡು ಹೋಗಿದ್ದಳು. ಮಳೆಗೆ ಉದ್ದದ್ದು ಒಣಗಿರಲಿಲ್ಲ.

"ಇಡೀ ಕ್ಲಾಸಿಗೆ ನಾನೇ ಫಸ್ಟು ಅಜ್ಜಿ. ಅದರ ಬಗ್ಗೆ ಒಂದು ಮಾತಿಲ್ಲ. ಅಸೆಂಬ್ಲಿಯಲ್ಲಿ ಎಲ್ಲರ ಮುಂದೆ ನನ್ನ ಕಾಲು ತೋರಿಸಿದರು. ನೀವೇ ಹೇಳಿ, ಸಾಕ್ಸಿಗೂ ಮಾರ್ಕ್ಸಿಗೂ ಏನು ಸಂಬಂಧ?"

ಮಕ್ಕಳೇ, ಬೇರೆ ಯಾವ ಅಜ್ಜಿಯಾದರೂ "ಹೋಗಲಿ ಬಿಡು ಮಗಾ" ಎಂದು ಸಹಿ ಹಾಕಿ ಕೊಡುತ್ತಿದ್ದರು. ನನಗೆ ಅದು ಅಷ್ಟು ಸುಲಭವಲ್ಲ. ಅಂಥದೇ ಒಂದು ಶಾಲೆಯಲ್ಲಿ, ಸಿಸ್ಟರ್‌ಗಳು ನಡೆಸುವ ಹುಡುಗಿಯರ ಹೈಸ್ಕೂಲಿನಲ್ಲಿ, ನಾನು 36 ವರ್ಷ ಗಣಿತ ಕಲಿಸಿದವಳು. ಅಂಥ ಕೆಂಪು ಸಾಲುಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಸಾಲು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈ ವಾರ ಜಗಲಿಯಲ್ಲಿ ಕೂತು ಅದನ್ನೇ ಹೇಳುತ್ತೇನೆ. ನಿಮ್ಮ ಅಜ್ಜ ಅಜ್ಜಿಯರನ್ನೂ ಹತ್ತಿರ ಕರೆದು ಕೂರಿಸಿಕೊಳ್ಳಿ.

ಮೊದಲು ನಮ್ಮ ಕರಾವಳಿಯ ಈ ಶಾಲೆಗಳ ಬಗ್ಗೆ ಎರಡು ಮಾತು. 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಎಂಬ ಸಭೆಯ ಸಿಸ್ಟರ್‌ಗಳು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಓದಿಸುವ ಕೆಲಸ ಶುರುಮಾಡಿದರು. ಹತ್ತು ವರ್ಷದ ಮೇಲೆ, 1880ರಲ್ಲಿ, ಜೆಸ್ವಿಟ್ ಪಾದ್ರಿಗಳು ಸೇಂಟ್ ಅಲೋಶಿಯಸ್ ಕಟ್ಟಿದರು. 1921ರಲ್ಲಿ ಹುಡುಗಿಯರಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ಬಂತು. ಹುಡುಗಿಗೆ ಓದು ಯಾಕೆ ಎಂದು ಕೇಳುತ್ತಿದ್ದ ಕಾಲ ಅದು. ಆಮೇಲೆ ಊರೂರಿನ ಇಗರ್ಜಿಯ ಪಕ್ಕದಲ್ಲಿ ಒಂದೊಂದು ಶಾಲೆ ಎದ್ದಿತು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮಕ್ಕಳು, ತುಳು ಮಾತಾಡುವ ಹಿಂದೂ ಮಕ್ಕಳು, ಬ್ಯಾರಿ ಮಾತಾಡುವ ಮುಸ್ಲಿಂ ಮಕ್ಕಳು ಎಲ್ಲ ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಜಗಳವಾಡುತ್ತಿದ್ದರು. ಇಂಗ್ಲಿಷಿನಲ್ಲಿ ಜಗಳವಾಡಲು ಯಾರಿಗೂ ಬರುತ್ತಿರಲಿಲ್ಲ.

ಪಾಠ ಎಲ್ಲ ಶಾಲೆಗಳಲ್ಲಿ ಇರುವುದೇ. ಸರಕಾರದ ಪಠ್ಯಪುಸ್ತಕ, ಕೊನೆಗೆ ಅದೇ ಎಸ್ಸೆಸ್ಸೆಲ್ಸಿ ಪರೀಕ್ಷೆ. ವಾರದಲ್ಲಿ ಕೆಲವು ಪೀರಿಯಡ್ ಮಾತ್ರ ಬೇರೆ. ಆಗ ಕ್ರಿಶ್ಚಿಯನ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ. ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ ಎಂದು ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತದೆ. ನೀತಿಪಾಠ ತೆಗೆದುಕೊಳ್ಳುವ ಕೆಲಸ ಹಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಜನವರಿಯಾಯಿತೆಂದರೆ ಹತ್ತನೆಯವರಿಗೆ ಸಂಜೆ ಸ್ಪೆಷಲ್ ಕ್ಲಾಸು, ಆಮೇಲೆ ಪ್ರಿಪರೇಟರಿ ಪರೀಕ್ಷೆ. ದಡ್ಡರೆಂದು ಹಣೆಪಟ್ಟಿ ಹೊತ್ತವರನ್ನು ಸಿಸ್ಟರ್ ತಮ್ಮ ಆಫೀಸಿನಲ್ಲೇ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು.

ಇನ್ನು ನಿಯಮಗಳು. ನೀಲಿ ಪಿನಾಫೋರು, ಬಿಳಿ ರವಿಕೆ. ಎರಡು ಜಡೆ, ಮಡಚಿ ಕಟ್ಟಿದ ರಿಬ್ಬನ್ನು. ಉಗುರು ಕತ್ತರಿಸಿರಬೇಕು, ಬಳೆ ಇರಬಾರದು. ಬುಧವಾರ ಬಿಳಿ. ಕ್ಯಾನ್ವಾಸ್ ಶೂವಿನ ಮೇಲೆ ಕೊಳೆಯಾದರೆ ಕ್ಲಾಸಿನ ಸೀಮೆಸುಣ್ಣ ತಿಕ್ಕಿ ಬಿಳಿ ಮಾಡುವುದು. ಸೀಮೆಸುಣ್ಣ ಯಾಕೆ ಬೇಗ ಖರ್ಚಾಗುತ್ತದೆಂದು ನನಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುತ್ತಿದ್ದೆ. ಜೂನ್ ಜುಲೈಯಲ್ಲಿ ಯಾರ ಶೂವೂ ಒಣಗುತ್ತಿರಲಿಲ್ಲ. ಬಚ್ಚಲೊಲೆಯ ಪಕ್ಕ ಇಟ್ಟು ಒಣಗಿಸಿ ತಂದದ್ದರಿಂದ ಇಡೀ ತರಗತಿ ಹೊಗೆ ವಾಸನೆ ಹೊಡೆಯುತ್ತಿತ್ತು. ಈಗಲೂ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಪೈಥಾಗೊರಸನ ಪ್ರಮೇಯ ನೆನಪಾಗುತ್ತದೆ.

ಮುಡಿಯಲ್ಲಿ ಹೂವೂ ಇರಬಾರದಿತ್ತು. ನಾನು ಮಾತ್ರ ದಿನವೂ ಶಂಕರಪುರ ಮಲ್ಲಿಗೆ ಮುಡಿದು ಹೋಗುತ್ತಿದ್ದೆ. ಒಂದು ದಿನ ಎಂಟನೆಯ ಪುಟ್ಟ ಹುಡುಗಿಯೊಬ್ಬಳು ಹತ್ತಿರ ಬಂದು, "ಟೀಚರ್, ನಿಮಗೆ ಮಾತ್ರ ಯಾಕೆ ಹೂ?" ಎಂದಳು. ಉತ್ತರ ಸಿಗಲಿಲ್ಲ. ಮರುದಿನದಿಂದ ನಾನು ಶನಿವಾರ ಸಂಜೆ ಮಾತ್ರ ಮುಡಿಯತೊಡಗಿದೆ. ಮಕ್ಕಳು ಪಾಲಿಸುವ ನಿಯಮವನ್ನು ದೊಡ್ಡವರು ಸ್ವಲ್ಪವಾದರೂ ಪಾಲಿಸಿದರೆ ಅದು ನಿಯಮ. ಇಲ್ಲವಾದರೆ ಬರೀ ಅಪ್ಪಣೆ.

ಈ ಸಮವಸ್ತ್ರ ಎಂಬುದು ಎಲ್ಲಿಂದ ಬಂತು ಎಂದು ಮೊಮ್ಮಗಳು ಕೇಳಿದಳು. ಅದರ ಕತೆ ಚೆನ್ನಾಗಿದೆ. ಇಂಗ್ಲೆಂಡಿನಲ್ಲಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಿದೆ. ಹೆಸರಿಗೆ ಹಾಸ್ಪಿಟಲ್, ಆದರೆ ಆಸ್ಪತ್ರೆಯಲ್ಲ. ಲಂಡನ್ನಿನ ಬೀದಿಯ ಬಡಮಕ್ಕಳಿಗೆ, ತಂದೆತಾಯಿ ಇಲ್ಲದವರಿಗೆ ಊಟ ವಸತಿ ಓದು ಕೊಡಲು 1552ರಲ್ಲಿ ಶುರುವಾದದ್ದು. ಅವರಿಗೆಲ್ಲ ಉದ್ದನೆಯ ನೀಲಿ ಕೋಟು ಹೊಲಿಸಿದರು. ನೀಲಿಯೇ ಯಾಕೆ ಗೊತ್ತೇ? ಆಗ ಅಗ್ಗದ ಬಣ್ಣ ಅದು ಎನ್ನುತ್ತಾರೆ. ಕಾಲಿಗೆ ಹಳದಿ ಸಾಕ್ಸು. ಹಳದಿ ಬಣ್ಣ ಕಂಡರೆ ಇಲಿಗಳು ಕಾಲು ಕಚ್ಚುವುದಿಲ್ಲ ಎಂಬ ನಂಬಿಕೆಯಿತ್ತಂತೆ! ಆ ಶಾಲೆಯ ಮಕ್ಕಳು ಇವತ್ತಿಗೂ ಅದೇ ನೀಲಿ ಕೋಟು, ಅದೇ ಹಳದಿ ಸಾಕ್ಸು ಹಾಕುತ್ತಾರೆ.

"ಹಾಗಾದರೆ ಸಾಕ್ಸಿಗೂ ಇಲಿಗೂ ಸಂಬಂಧ ಉಂಟು, ಮಾರ್ಕ್ಸಿಗಲ್ಲ" ಎಂದಳು ಮೊಮ್ಮಗಳು. ಅಷ್ಟು ಹೊತ್ತಿಗೆ ಅವಲಕ್ಕಿಯ ತಟ್ಟೆ ಅವಳ ಕೈಗೆ ಬಂದಿತ್ತು.

ಹುಡುಗರ ಖಾಕಿ ಚಡ್ಡಿಗೂ ನಮ್ಮೂರಿನಲ್ಲಿ ಒಂದು ಕತೆಯಿದೆ. ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬವರು ಖಾಕಿ ಬಣ್ಣವನ್ನು ತಯಾರಿಸಿದರು, ಅದನ್ನೇ ಪೊಲೀಸರೂ ಸೈನಿಕರೂ ತೊಟ್ಟರು ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಇಲ್ಲ, ಖಾಕಿ ಹುಟ್ಟಿದ್ದು ವಾಯವ್ಯ ಗಡಿಯ ಸೈನ್ಯದಲ್ಲಿ ಎನ್ನುವವರೂ ಇದ್ದಾರೆ. ಅದೇನೇ ಇರಲಿ, ಸಮವಸ್ತ್ರದ ಮೂಲ ಉದ್ದೇಶ ಇಷ್ಟನ್ನು ನೆನಪಿಡಿ: ಬಡ ಮಗುವಿಗೆ ಉಡಲು ಒಂದು ಬಟ್ಟೆ ಸಿಗಲಿ, ಅದನ್ನು ಉಟ್ಟಾಗ ಅದು ಯಾರ ಮನೆಯದು ಎಂದು ಯಾರಿಗೂ ತಿಳಿಯದಿರಲಿ. ಈಗ ನನ್ನ ಕತೆಗೆ ಬರುತ್ತೇನೆ.

1988ನೇ ಇಸವಿ. ನಮ್ಮ ಶಾಲೆಯ ನೀಲಿ ಪಿನಾಫೋರು ಹಳತಾಯಿತು, ಪಕ್ಕದ ಊರಿನ ಶಾಲೆಯದೂ ಅದೇ ಬಣ್ಣ, ಬದಲಿಸೋಣ ಎಂದು ಸ್ಟಾಫ್ ಮೀಟಿಂಗಿನಲ್ಲಿ ಮಾತು ಬಂತು. ಬಟ್ಟೆ ಆರಿಸಲು ಮೂವರು ಟೀಚರುಗಳ ಒಂದು ಸಮಿತಿ. ಅದರಲ್ಲಿ ನಾನೂ ಒಬ್ಬಳು. ಬಟ್ಟೆಯಂಗಡಿಗೆ ಹೋಗಿ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿ, ಬೂದು ಬಣ್ಣದ ಚೌಕುಳಿ ಬಟ್ಟೆಯೊಂದನ್ನು ಆರಿಸಿದೆವು. ನನಗೆ ಅದು ಬಹಳ ಇಷ್ಟವಾಗಿತ್ತು. ಮಕ್ಕಳು ಸಾಲಾಗಿ ನಿಂತರೆ ಎಷ್ಟು ಚಂದ ಕಾಣುತ್ತದೆ ಎಂದು ನಾನೇ ಹೇಳಿದ್ದೆ. ಜುಲೈ 1ರಿಂದ ಎಲ್ಲರೂ ಹೊಸದನ್ನೇ ಹಾಕಬೇಕು ಎಂದು ಮೇ ತಿಂಗಳಲ್ಲಿ ನೋಟಿಸು ಹೋಯಿತು.

ಜುಲೈ ಬಂತು. ಗೇಟಿನ ಹತ್ತಿರ ನಿಂತು ನೋಡುವ ಕೆಲಸ ಸರದಿಯ ಪ್ರಕಾರ ನನ್ನದು. ಬೂದು ಚೌಕುಳಿಯ ನಡುವೆ ಅಲ್ಲೊಂದು ಇಲ್ಲೊಂದು ನೀಲಿ. ಎರಡನೇ ವಾರಕ್ಕೆ ನೀಲಿ ಕಡಿಮೆಯಾಯಿತು. ಕೊನೆಗೆ ನನ್ನದೇ ಹತ್ತನೇ ತರಗತಿಯ ಒಬ್ಬಳು ಮಾತ್ರ ಉಳಿದಳು. ಹೆಸರು ಬೇಡ. ತೆಳ್ಳಗೆ ಎತ್ತರವಾಗಿದ್ದ ಹುಡುಗಿ, ಮಾತು ಕಡಿಮೆ. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವಳ ಪುಸ್ತಕದಲ್ಲಿ ಉತ್ತರ ಇರುತ್ತಿತ್ತು. ಬೀಜಗಣಿತದಲ್ಲಿ ಅವಳಷ್ಟು ಚುರುಕಾದವರನ್ನು ನನ್ನ 36 ವರ್ಷದಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದೇನೆ.

ಮೊದಲ ಸಲ ಕೇಳಿದೆ, "ಹೊಲಿಯಲು ಕೊಟ್ಟಿದೆ ಟೀಚರ್" ಎಂದಳು. ಎರಡನೇ ಸಲ ತಲೆ ತಗ್ಗಿಸಿದಳು. ಮೂರನೇ ಸಲ ನಾನು ಕೇಳಲೇ ಇಲ್ಲ. ಮಳೆ ಸುರಿಯುತ್ತಿತ್ತು, ಬೆಲ್ಲಾಗಿತ್ತು, ನನಗೆ ಕೋಪ ಬಂದಿತ್ತು. ಅವಳ ಡೈರಿ ತೆಗೆದುಕೊಂಡು ಕೆಂಪು ಪೆನ್ನಿನಲ್ಲಿ ಬರೆದೆ: ಸರಿಯಾದ ಯೂನಿಫಾರ್ಮ್ ಇಲ್ಲ, ಇದು ಮೂರನೇ ಎಚ್ಚರಿಕೆ, ಪೋಷಕರು ಬಂದು ಕಾಣಬೇಕು. ಇಂಗ್ಲಿಷಿನಲ್ಲಿ ಬರೆದೆ. ಆಗ ನಾವು ಡೈರಿಯಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆವು, ಓದುವವರಿಗೆ ಬರುತ್ತದೋ ಇಲ್ಲವೋ ಎಂದು ಯೋಚಿಸುತ್ತಿರಲಿಲ್ಲ.

ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳ ತಾಯಿ ಬಂದರು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಡೈರಿಯನ್ನು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಸ್ಟಾಫ್ ರೂಮಿನ ಒಳಗೆ ಬರಲು ಒಪ್ಪಲಿಲ್ಲ, ಕಾಲಿನಲ್ಲಿ ಕೆಸರು ಎಂದು ಬಾಗಿಲಲ್ಲೇ ನಿಂತರು.

"ಇದರಲ್ಲಿ ಎಂತ ಬರ್ದದ್ದು ಟೀಚರೇ? ಮಗಳು ಓದಿ ಹೇಳುವುದಿಲ್ಲ. ಸುಮ್ಮನೆ ಕೂಗ್ತಾಳೆ."

ನಾನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಷ್ಟೆಯಾ? ಫೇಲು ಅಂತ ಬರ್ದಿದ್ದೀರೋ ಅಂತ ಹೆದರಿದ್ದೆ" ಎಂದರು. ಅವರ ಮುಖದಲ್ಲಿ ಒಂದು ಕ್ಷಣ ಸಮಾಧಾನ ಬಂದು, ಹೋಯಿತು. "ಆದರೆ ಇದು ಫೇಲಿಗಿಂತ ಕಷ್ಟ ಟೀಚರೇ. ಎರಡು ಜೊತೆ ಹೊಲಿಸಲಿಕ್ಕೆ ಹನ್ನೆರಡು ಸಾವಿರ ಬೀಡಿ ಆಗ್ತದೆ."

ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಅರ್ಥವಾಗುತ್ತದೆ. ಉಳಿದವರಿಗೆ ಹೇಳಬೇಕು. ಕರಾವಳಿಯ ಸಾವಿರಾರು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದವರು. ಎಲೆ, ಹೊಗೆಸೊಪ್ಪು, ನೂಲು ತಂದು, ಎಲೆಯನ್ನು ಒದ್ದೆ ಮಾಡಿ, ಅಳತೆಗೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಕಟ್ಟುವುದು. ಕೂಲಿ ಕೊಡುವುದು ಸಾವಿರ ಬೀಡಿಗೆ ಇಷ್ಟು ಎಂದು. ಆದ್ದರಿಂದ ಆ ತಾಯಿಗೆ ಅಕ್ಕಿಯ ಬೆಲೆ, ಬಸ್ಸಿನ ಚಾರ್ಜು, ಮದ್ದಿನ ಬಿಲ್ಲು ಎಲ್ಲವೂ ಬೀಡಿಯ ಲೆಕ್ಕದಲ್ಲೇ ಇತ್ತು.

"ದಿನಕ್ಕೆ ಎಷ್ಟು ಕಟ್ಟುತ್ತೀರಿ?" ಎಂದು ಕೇಳಿದೆ.

"ಮನೆಯ ಕೆಲಸ ಮುಗಿಸಿ ಕೂತರೆ ಎಂಟುನೂರು."

ಗಣಿತದ ಟೀಚರಲ್ಲವೇ, ಭಾಗಾಕಾರ ತಾನಾಗಿ ಆಗಿಹೋಯಿತು. 12,000 ಭಾಗಿಸು 800. ಹದಿನೈದು. ಒಬ್ಬ ಹೆಂಗಸಿನ ಹದಿನೈದು ದಿನದ ದುಡಿಮೆ, ಅದರಲ್ಲಿ ಒಂದು ಹಿಡಿ ಅಕ್ಕಿಯನ್ನೂ ಕೊಳ್ಳದೆ ಪೂರ್ತಿ ತೆಗೆದಿಟ್ಟರೆ ನಾನು ಬೆಳಕಿಗೆ ಹಿಡಿದು ಆರಿಸಿದ ಆ ಚೌಕುಳಿ ಬಟ್ಟೆ. ಅದೂ ಎಷ್ಟು ಕಾಲಕ್ಕೆ? ಮಾರ್ಚಿನಲ್ಲಿ ಹುಡುಗಿಯ ಹೈಸ್ಕೂಲೇ ಮುಗಿಯುತ್ತದೆ.

"ನಾನು ಹೇಗಾದರೂ ಮಾಡಿ ಕೊಡಿಸ್ತೇನೆ ಅಂದೆ ಟೀಚರೇ. ಅವಳೇ ಬೇಡ ಅಂತಾಳೆ. ಎಂಟು ತಿಂಗಳಿಗೆ ಯಾಕೆ ಅಷ್ಟು ದುಡ್ಡು, ಶಾಲೆ ಸಾಕು, ನಾನೂ ನಿನ್ನೊಟ್ಟಿಗೆ ಬೀಡಿ ಕಟ್ಟುತ್ತೇನೆ ಅಂತ. ನಿನ್ನೆಯಿಂದ ಕೂತುಕೊಂಡಿದ್ದಾಳೆ. ಕೈ ಚುರುಕು ಉಂಟು ಅವಳಿಗೆ." ತಾಯಿ ಇದನ್ನು ದೂರುವ ಹಾಗೆ ಹೇಳಲಿಲ್ಲ. ಕೊನೆಯ ಮಾತು ಹೇಳುವಾಗ ಮಾತ್ರ ಗಂಟಲು ಕಟ್ಟಿತು.

ಮಕ್ಕಳೇ, ಆಗ ನನಗೆ ಇನ್ನೊಂದು ವಿಷಯ ನೆನಪಿಗೆ ಬಂತು. ಆ ಹುಡುಗಿಯ ನೀಲಿ ಪಿನಾಫೋರಿನ ಅಂಚಿನ ಮೇಲೆ ಎರಡು ಮಾಸಿದ ಗೆರೆಗಳಿದ್ದವು. ಎಂಟನೆಯಲ್ಲಿ ಹೊಲಿಸುವಾಗ ತಾಯಿ ಒಳಗೆ ದಪ್ಪ ಮಡಿಕೆ ಬಿಟ್ಟಿದ್ದರು. ಒಂಬತ್ತಕ್ಕೆ ಬಂದಾಗ ಸ್ವಲ್ಪ ಬಿಚ್ಚಿದರು, ಹತ್ತಕ್ಕೆ ಬಂದಾಗ ಇನ್ನೂ ಸ್ವಲ್ಪ. ಮೂರು ವರ್ಷಕ್ಕೂ ಅದೇ ಸಾಕು ಎಂದು ಲೆಕ್ಕ ಹಾಕಿ ಹೊಲಿಸಿದ ಬಟ್ಟೆ ಅದು. ಲೆಕ್ಕ ತಪ್ಪಿರಲಿಲ್ಲ. ನಡುವೆ ಬಂದು ತಪ್ಪಿಸಿದವರು ನಾವು. ಆ ಗೆರೆಗಳನ್ನು ದಿನವೂ ಗೇಟಿನಲ್ಲಿ ನೋಡಿದ್ದೆ. ಓದಿರಲಿಲ್ಲ.

ತಾಯಿಯನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹತ್ತಿರ ಹೋದೆ. ಅವರು ಬಹಳ ಶಿಸ್ತಿನವರು. ಕಾರಿಡಾರಿನಲ್ಲಿ ಅವರ ಜಪಮಾಲೆಯ ಸದ್ದು ಕೇಳಿದರೆ ನಾವು ಟೀಚರುಗಳೇ ಸೆರಗು ಸರಿಮಾಡಿಕೊಳ್ಳುತ್ತಿದ್ದೆವು. ಎಲ್ಲ ಹೇಳಿ, "ಆ ಒಬ್ಬಳಿಗೆ ಹಳೆಯದನ್ನೇ ಹಾಕಲು ಅನುಮತಿ ಕೊಡಿ ಸಿಸ್ಟರ್" ಎಂದೆ.

"ಒಬ್ಬಳಿಗೆ ಕೊಡುವುದಿಲ್ಲ" ಎಂದರು.

ನನ್ನ ಎದೆ ಧಸಕ್ಕೆಂದಿತು.

"ಬೂದು ಬಣ್ಣದ ನಡುವೆ ಒಬ್ಬಳೇ ನೀಲಿ ಹಾಕಿ ನಿಂತರೆ ಅವಳು ಬಡವಳು ಎಂದು ನಾವೇ ಬೋರ್ಡು ಬರೆದು ಕೊರಳಿಗೆ ತೂಗಿಸಿದ ಹಾಗೆ. ಹತ್ತನೆಯಲ್ಲಿ ಎಷ್ಟು ಮಕ್ಕಳು?"

"ನಲವತ್ತೆರಡು ಸಿಸ್ಟರ್."

"ನಲವತ್ತೆರಡು ಮಂದಿಯೂ ಹಳೆಯದನ್ನೇ ಹಾಕಲಿ. ಹತ್ತನೆಯವರಿಗೆ ಹೊಸ ಯೂನಿಫಾರ್ಮಿಲ್ಲ. ಇವತ್ತೇ ನೋಟಿಸು ಬರೆಯಿರಿ. ಕನ್ನಡದಲ್ಲಿ ಬರೆಯಿರಿ." ನಾನು ಬಾಗಿಲು ದಾಟುವ ಹೊತ್ತಿಗೆ ಮತ್ತೆ ಕರೆದರು. "ಟೀಚರ್, ನೀವು ಗಣಿತದವರು. ಈ ಲೆಕ್ಕ ಮೇ ತಿಂಗಳಲ್ಲೇ ಮಾಡಬೇಕಿತ್ತು. ನೀವೂ, ನಾನೂ."

ಎಲ್ಲರಿಗೂ ಇದು ಹಿಡಿಸಿತು ಎಂದುಕೊಳ್ಳಬೇಡಿ. ಹೊಸ ಬಟ್ಟೆ ಹೊಲಿಸಿಯಾಗಿದ್ದವರು ಬಂದು ಜಗಳವಾಡಿದರು, ನಮ್ಮ ಹಣ ನೀರಿಗೆ ಬಿತ್ತು ಎಂದರು. ಕೆಲವರು ತಂಗಿಯರಿಗೆ ಕೊಟ್ಟರು, ಕೆಲವರು ವರ್ಷವಿಡೀ ನನ್ನನ್ನು ಮಾತಾಡಿಸಲಿಲ್ಲ. ಅದೂ ನ್ಯಾಯವೇ. ತಪ್ಪು ನಿರ್ಧಾರವನ್ನು ಸರಿಮಾಡುವಾಗಲೂ ಯಾರಿಗಾದರೂ ನಷ್ಟವಾಗುತ್ತದೆ. ಅದಕ್ಕೇ ಮೊದಲು ಯೋಚಿಸಬೇಕು.

ಅವತ್ತು ಸಂಜೆ ತಾಯಿಯ ಜೊತೆಯಲ್ಲೇ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಹುಡುಗಿ ಜಗಲಿಯಲ್ಲಿ ಗೆರಸೆಯನ್ನು ಮಡಿಲಲ್ಲಿಟ್ಟು ಕೂತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದಾಗ ಕತ್ತರಿಸಿದ ಎಲೆಗಳೆಲ್ಲ ಅಂಗಳಕ್ಕೆ ಬಿದ್ದವು. ನಾವು ಮೂವರೂ ಕೂತು ಹೆಕ್ಕಿದೆವು. "ನಾಳೆ ಬಾ ಮಗಾ. ಹಳೆಯದನ್ನೇ ಹಾಕಿಕೊಂಡು ಬಾ. ಎಲ್ಲರದ್ದೂ ಹಳೆಯದೇ" ಎಂದೆ. ಅವಳು ಬಂದಳು. ಮಾರ್ಚಿನಲ್ಲಿ ಪರೀಕ್ಷೆ ಬರೆದಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಗಣಿತದಲ್ಲಿ ಶಾಲೆಗೇ ಮೊದಲು.

ಬಹಳ ವರ್ಷಗಳ ಮೇಲೆ, ನಾನು ನಿವೃತ್ತಳಾದ ಮೇಲೆ, ಮಂಗಳೂರಿನ ಬಸ್ ನಿಲ್ದಾಣದಲ್ಲಿ ಯಾರೋ "ಟೀಚರ್" ಎಂದು ಕೈ ಹಿಡಿದರು. ಅವಳೇ. ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ, ಪಕ್ಕದಲ್ಲಿ ಬೆಳೆದ ಮಗ. ಆ ಕೆಂಪು ಸಾಲಿನ ಬಗ್ಗೆ ನಾನು ಅವಳ ಹತ್ತಿರ ಒಮ್ಮೆಯೂ ಕ್ಷಮೆ ಕೇಳಿರಲಿಲ್ಲ. ಅವತ್ತು ಕೇಳಿದೆ. ಅವಳು ನಕ್ಕುಬಿಟ್ಟಳು. "ಆ ಪಿನಾಫೋರು ಏನಾಯಿತು ಗೊತ್ತುಂಟಾ ಟೀಚರ್? ಅಮ್ಮ ಅದರಲ್ಲಿ ಬೀಡಿ ಎಲೆ ಒದ್ದೆ ಮಾಡಿ ಸುತ್ತಿಡುತ್ತಿದ್ದರು. ಇನ್ನೂ ನಾಲ್ಕು ವರ್ಷ ಬಾಳಿಕೆ ಬಂತು." ಆಮೇಲೆ ಸ್ವಲ್ಪ ತಡೆದು, "ಡೈರಿ ಮಾತ್ರ ನಾನೇ ಒಲೆಗೆ ಹಾಕಿದೆ" ಎಂದಳು. ಬಸ್ಸು ಬಂತು, ಹೋದಳು. ನಗುನಗುತ್ತಲೇ ಹೇಳಿದ ಮಾತು. ಆದರೂ ಆ ಡೈರಿ ಉರಿದದ್ದನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ.

ಈಗ ಅಜ್ಜ ಅಜ್ಜಿಯರಿಗೆ ಒಂದು ಉಪಯೋಗದ ಮಾತು. ಆ ಘಟನೆ ನಡೆದು ಏಳು ವರ್ಷದ ಮೇಲೆ, 1995ರಲ್ಲಿ, ಕರ್ನಾಟಕದ ಶಿಕ್ಷಣ ಸಂಸ್ಥೆಗಳಿಗೆ ಹೊಸ ನಿಯಮಗಳು ಬಂದವು. ಅದರ 11ನೇ ನಿಯಮ ಸಮವಸ್ತ್ರದ ಬಗ್ಗೆ. ಮಾನ್ಯತೆ ಪಡೆದ ಶಾಲೆ ತನ್ನದೇ ಸಮವಸ್ತ್ರವನ್ನು ಗೊತ್ತುಮಾಡಬಹುದು. ಆದರೆ ಒಮ್ಮೆ ಗೊತ್ತುಮಾಡಿದ ಮೇಲೆ ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಕನಿಷ್ಠ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಅದನ್ನು ಓದಿದಾಗ ನನಗೆ ಆ ಎರಡು ಮಾಸಿದ ಗೆರೆಗಳು ನೆನಪಾದವು. ನಿಯಮ ಬರೆದವರು ಯಾರೋ ಮಡಿಕೆ ಬಿಚ್ಚುವ ತಾಯಂದಿರನ್ನು ಕಂಡಿದ್ದಿರಬೇಕು. ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯೂ ಹೇಳುತ್ತದೆ. ಸರಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಉಚಿತ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವೂ ಇದೆ. ನಿಮ್ಮ ನೆರೆಯಲ್ಲಿ ಯಾರಿಗಾದರೂ ಗೊತ್ತಿಲ್ಲದಿದ್ದರೆ ತಿಳಿಸಿ. ಶಾಲೆಯೊಂದಿಗೆ ಜಗಳ ಬೇಡ. ಹೋಗಿ ಕೂತು ಮಾತಾಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟೇ ಸಾಕಾಗುತ್ತದೆ. ಬರೆಯುವವರಿಗೆ ಮನೆಯ ಕಷ್ಟ ಕಾಣುವುದಿಲ್ಲ, ನಾವು ಹೇಳಿದರೆ ತಾನೇ ತಿಳಿಯುವುದು?

"ಹಾಗಾದರೆ ನಾನು ಮಾಡಿದ್ದು ಸರಿಯಾ ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು. ಅವಳ ಕೋಪ ಇಳಿದಿತ್ತು, ಪ್ರಶ್ನೆ ಇಳಿದಿರಲಿಲ್ಲ.

"ಮಗಾ," ಎಂದೆ, "ನಾನು ಎಸ್ಸೆಸ್ಸೆಲ್ಸಿಯ ಉತ್ತರಪತ್ರಿಕೆ ಎಷ್ಟೋ ವರ್ಷ ತಿದ್ದಿದ್ದೇನೆ. ಅದರ ಮೇಲೆ ಹೆಸರು ಇರುವುದಿಲ್ಲ, ಊರು ಇರುವುದಿಲ್ಲ. ನಂಬರು ಮಾತ್ರ. ಬರೆದವಳು ಸಾಕ್ಸು ಹಾಕಿದ್ದಳೋ, ಬರಿಗಾಲಲ್ಲಿ ಬಂದಿದ್ದಳೋ ತಿದ್ದುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಸಾಕ್ಸಿಗೂ ಮಾರ್ಕ್ಸಿಗೂ ಸಂಬಂಧ ಇಲ್ಲ. ಆದರೆ ನಂಬರಿಗೂ ಯೂನಿಫಾರ್ಮಿಗೂ ಸಂಬಂಧ ಉಂಟು. ಎರಡೂ ಇರುವುದು ನೀನು ಯಾರ ಮನೆಯವಳು ಎಂಬುದನ್ನು ಮರೆಮಾಡಲಿಕ್ಕೆ. ಮರೆಮಾಡುವುದನ್ನು ಬಿಟ್ಟು ಅದೇ ಬಟ್ಟೆ ಒಬ್ಬಳನ್ನು ಎತ್ತಿ ತೋರಿಸಿತೆಂದರೆ ನಿಯಮ ಹಾದಿ ತಪ್ಪಿದೆ ಅಂತ. ನಿನ್ನದು ಅಷ್ಟು ದೊಡ್ಡ ವಿಷಯವಲ್ಲ. ನಿನ್ನ ಹತ್ತಿರ ಮೂರು ಜೊತೆ ಸಾಕ್ಸು ಉಂಟು. ಮಂಗಳವಾರ ಸಂಜೆಯೇ ಒಣಗಲು ಹಾಕಿದ್ದರೆ ಮುಗಿಯುತ್ತಿತ್ತು."

"ಅದು ಹೌದು" ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಕ್ಲಾಸಿನಲ್ಲಿ ಒಬ್ಬಳು ಉಂಟು ಅಜ್ಜಿ. ಅವಳ ಶೂವಿನ ಅಡಿ ಬಿಟ್ಟುಹೋಗಿದೆ. ರಬ್ಬರ್ ಬ್ಯಾಂಡ್ ಹಾಕಿಕೊಂಡು ಬರ್ತಾಳೆ. ನಾವೆಲ್ಲ ನಗಾಡಿದ್ದೆವು."

ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯ ಕಾಣಲಿಲ್ಲ.

ಡೈರಿಗೆ ಸಹಿ ಹಾಕಿ ಕೆಳಗೆ ಒಂದು ಸಾಲು ಬರೆದೆ: "ಮಳೆಗೆ ಸಾಕ್ಸು ಒಣಗಿರಲಿಲ್ಲ, ಇನ್ನು ಸರಿಯಾಗಿ ಹಾಕಿಕೊಂಡು ಬರುತ್ತಾಳೆ. ಗಣಿತದಲ್ಲಿ 24 ಬಂದದ್ದು ನೋಡಿ ಸಂತೋಷವಾಯಿತು." ಮರುದಿನ ಅದರ ಕೆಳಗೆ ಅವಳ ಟೀಚರ್ ಬರೆದು ಕಳಿಸಿದ್ದರು: "ನನಗೂ." ನೀಲಿ ಶಾಯಿಯಲ್ಲಿ.

ಈ ವಾರ ಮಂಗಳವಾರ ಸಂಜೆ ನಮ್ಮ ಫ್ರಿಜ್ಜಿನ ಹಿಂದೆ ಒಂದು ಜೊತೆ ಬಿಳಿ ಸಾಕ್ಸು ನೇತಾಡುತ್ತಿತ್ತು. ಅಪ್ಪನಿಗೆ ಹೇಳಿ ತರಿಸಿದ ಒಂದು ಟ್ಯೂಬು ಶೂ ಅಂಟಿಸುವ ಗಮ್ಮು ಅವಳ ಬ್ಯಾಗಿನಲ್ಲಿತ್ತು.

ಈ ವಾರದ ಜಗಲಿ ಲೆಕ್ಕ: ಎಂಟನೇ ತರಗತಿಯಲ್ಲಿ ಹೊಲಿಸಿದ ಪಿನಾಫೋರಿನ ಒಳಗೆ ತಾಯಿ 12 ಸೆಂಟಿಮೀಟರ್ ಮಡಿಕೆ ಬಿಟ್ಟಿದ್ದರು. ಒಂಬತ್ತಕ್ಕೆ ಬಂದಾಗ ಅದರ ಮೂರನೇ ಒಂದು ಭಾಗ ಬಿಚ್ಚಿದರು. ಹತ್ತಕ್ಕೆ ಬಂದಾಗ ಉಳಿದದ್ದರಲ್ಲಿ ಅರ್ಧ ಬಿಚ್ಚಿದರು. ಒಳಗೆ ಇನ್ನೆಷ್ಟು ಉಳಿಯಿತು? ಕಾಗದ ಪೆನ್ಸಿಲ್ ಇಲ್ಲದೆ ಹೇಳಬೇಕು.

ಹಿರಿಯರಿಗೆ ಲೆಕ್ಕವಿಲ್ಲ, ಒಂದು ಕೆಲಸವಿದೆ. ನೀವು ಶಾಲೆಗೆ ಏನು ಉಟ್ಟು ಹೋಗುತ್ತಿದ್ದಿರಿ, ಅದನ್ನು ಹೊಲಿಸಿಕೊಡಲು ಮನೆಯಲ್ಲಿ ಯಾರು ಏನು ಮಾಡಿದರು ಎಂದು ಈ ಭಾನುವಾರ ಮಕ್ಕಳಿಗೆ ಹೇಳಿ. ಮುಂದಿನ ವಾರ ಮತ್ತೆ ಜಗಲಿಯಲ್ಲಿ ಸಿಗೋಣ.